ಭಾನುವಾರ ಹಗ್ಗಕ್ಕೆ ಬಿದ್ದ ಬಟ್ಟೆ

ಓಟಾರಾದ ನಮ್ಮ ಬೀದಿಯಲ್ಲಿ ಸೆಫಿನಜ್ಜಿಯ ಮನೆ, ಇಲ್ಲಿ ನಡುಚಳಿಗಾಲವಾದ ಜುಲೈನ ಚಳಿಗೆ ಕಿಟಕಿಯನ್ನೆಲ್ಲ ಮುಚ್ಚಿಕೊಂಡಿತ್ತು. ಎರಡು ವಾರದಿಂದ ಬಿಡದ ಮಳೆ. ಒದ್ದೆ ಬಟ್ಟೆಗಳು ಹೀಟರಿನ ಮುಂದೆ, ಕುರ್ಚಿಗಳ ಮೇಲೆ ಆವಿ ಬಿಡುತ್ತಿದ್ದವು. ಆ ಆವಿ ಕುಡಿದು, ಮೊಮ್ಮಗಳು ಲೋಸಾಳ ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ದಿನಕ್ಕೆರಡು ಬೆರಳು ಏರುತ್ತಿತ್ತು. ಮಗುವಿನ ಎದೆಯಲ್ಲಿ ಸಿಳ್ಳೆ ಶುರುವಾಗಿತ್ತು.

ಭಾನುವಾರ ಫಳ್ಳನೆ ಬಿಸಿಲು ಬಂತು. ಆದರೆ ದೇವರ ದಿನ, ಸಮೋವಾ ದ್ವೀಪದಿಂದ ಬಂದು ಇಲ್ಲಿ ನೆಲೆಸಿದ ನಮ್ಮವರು ಯಾರೂ ಹೊರಗೆ ಬಟ್ಟೆ ಒಣಗಹಾಕುವುದಿಲ್ಲ. ಅಜ್ಜಿ ಅಂಗಿಯ ಹೊಲಿಗೆ ಮುಟ್ಟಿ ನೋಡಿದಳು, ಇನ್ನೂ ತಣ್ಣಗಿತ್ತು.

“ಅಜ್ಜಿ, ಈ ಅಂಗಿ ನೆಂದ ನಾಯಿ ಥರ ನಾರ್ತದೆ,” ಎಂದಳು ಲೋಸಾ. ಅಷ್ಟು ಹೇಳಲು ಮೂರು ಸಲ ಉಸಿರೆಳೆದಳು.

ಅಜ್ಜಿ ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ತುಂಬಿ ಎತ್ತಿಕೊಂಡು ಹೊರಗೆ ನಡೆದಳು. ಚರ್ಚಿಗೆ ಹೊರಟಿದ್ದ ಪಾದ್ರಿಯ ಹೆಂಡತಿ ಬೇಲಿಯ ಬಳಿ ನಿಂತೇಬಿಟ್ಟರು.

“ಸೆಫಿನಾ, ಇವತ್ತು ಯಾವ ವಾರ ಅನ್ನೋದೇ ಮರೆತುಹೋಯ್ತೇನಮ್ಮಾ?”

“ಮರೆತಿಲ್ಲ ಕಣಮ್ಮಾ. ಬಿಸಿಲನ್ನ ಇವತ್ತೇ ಯಾಕೆ ಕಳಿಸಿದ್ದು ಅಂತ ದೇವರನ್ನೇ ಕೇಳ್ಕೊಂಡು ಬನ್ನಿ.”

ಬಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಹಗ್ಗದ ಮೇಲೆ ಹರಡಿ ಬಂದು, ಅಜ್ಜಿ ಕಿಟಕಿಗಳನ್ನೆಲ್ಲ ತೆರೆದಳು. ಲೋಸಾಳ ಎದೆಯ ಸಿಳ್ಳೆ ನಿಲ್ಲಲಿಲ್ಲ. ಕೊನೆಗೆ ಮಂಚವನ್ನು ಗೋಡೆಯಿಂದ ಎಳೆದು, ಮಗುವಿನ ಹಾಸಿಗೆಯನ್ನು ಮಗುಚಿ ನೋಡಿದಳು. ಕಪ್ಪು ಬೂಷ್ಟು ಆಗಲೇ ಅಲ್ಲಿಗೂ ಬಂದು ಮುಟ್ಟಿತ್ತು.