ಸಮುದ್ರದ ತಳದಲ್ಲಿ ಸುಮ್ಮನೆ ಮಲಗಿದವಳು

ಬಸ್ಸು, ಲಾರಿಗಳಿಗೆ ಸೀಟ್ ಕವರ್ ಹೊಲಿಯುವ ಆ ಅಂಗಡಿಗೆ ಬೋರ್ಡೇ ಇರಲಿಲ್ಲ. 'ಬಿರುಗಾಳಿ ಅಂಗಡಿ' ಎಂದರೆ ಸಾಕು, ಬಂದರಿನ ಬೀದಿಯಲ್ಲಿ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಬಿರುಗಾಳಿ ಎಂದರೆ ಅಂಗಡಿಯೊಡತಿ. ವಯಸ್ಸು ನಲವತ್ತಾರು ದಾಟಿದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುವ ಹೆಂಗಸು. ರೆಕ್ಸಿನ್ ಕತ್ತರಿಸುತ್ತಲೇ ಊಟ, ಮಷೀನು ತುಳಿಯುತ್ತಲೇ ಜಗಳ. ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಇವಳು ಅಳತೆ ತೆಗೆದು ಮುಗಿಸಿರುತ್ತಿದ್ದಳು.

ಇಂಥವಳು ಸಮುದ್ರದ ತಳದಲ್ಲಿ ಮಿಸುಕಾಡದೆ ಮಲಗಿ, ಹತ್ತಿರ ಬಂದ ಮೀನಿಗೆ ಈಟಿ ಹೊಡೆಯುತ್ತೇನೆ ಎಂದಾಗ ಅವಳ ಅಣ್ಣ ಹೊಟ್ಟೆ ಹುಣ್ಣಾಗುವಷ್ಟು ನಕ್ಕ.

ಅಣ್ಣ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು. ಬೆನ್ನಿಗೆ ಸಿಲಿಂಡರು ಕಟ್ಟಿಕೊಳ್ಳದೆ, ಎದೆಯೊಳಗಿನ ಒಂದೇ ಉಸಿರಿನಲ್ಲಿ ಮುಳುಗುತ್ತಿದ್ದ. ಹೋದ ವರ್ಷ ಒಂದು ಕಿವಿಯ ತಮಟೆ ಹರಿದಿತ್ತು. ಮೇಲೆ ಎಷ್ಟು ಬೇಕಾದರೂ ಈಜು, ಕೆಳಗೆ ಮಾತ್ರ ಇಳಿಯಬೇಡ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಅವನ ಸಾಮಾನೆಲ್ಲ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಯಾರಿಗಾದರೂ ಕೊಟ್ಟುಬಿಡೋಣವೆಂದು ಹರಿದ ರಬ್ಬರ್ ಸೂಟನ್ನು ತಂಗಿಯ ಅಂಗಡಿಗೆ ತೇಪೆಗೆ ತಂದಿದ್ದ. ತಂಗಿ ತೇಪೆ ಹಾಕಿದಳು, ತೊಟ್ಟು ನೋಡಿದಳು, ಮತ್ತೆ ಬಿಚ್ಚಲೇ ಇಲ್ಲ.

"ಕೊಡೋದಾದ್ರೆ ನಂಗೇ ಕೊಡು."

"ನಿಂಗಾ? ನೀನು ಒಂದು ನಿಮಿಷ ಸುಮ್ನೆ ಕೂತಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ!"

"ನೀನು ಹುಟ್ಟಿದಾಗ ನಾನೇ ಇರ್ಲಿಲ್ಲ. ಹೇಳ್ಕೊಡ್ತೀಯೋ ಇಲ್ವೋ?"

ಚಿಕ್ಕವಳಿದ್ದಾಗ ಇಡೀ ಬೀದಿಯ ಮಕ್ಕಳನ್ನು ಈಜಿನಲ್ಲಿ ಸೋಲಿಸಿದ್ದಳು. ನೀರಿನ ಭಯ ಅವಳಿಗಿರಲಿಲ್ಲ. ಅಣ್ಣ ಒಪ್ಪಿದ, ಆದರೆ ಮೊದಲ ತಿಂಗಳು ಅವಳನ್ನು ನೀರಿಗೇ ಇಳಿಸಲಿಲ್ಲ. ಪಾಠವೆಲ್ಲ ನಡುಮನೆಯ ನೆಲದ ಮೇಲೆ. ಅಂಗಾತ ಮಲಗಬೇಕು, ಕಾಲ್ಬೆರಳಿನಿಂದ ಹಿಡಿದು ಹುಬ್ಬಿನವರೆಗೆ ಒಂದೊಂದೇ ಅಂಗವನ್ನು ಸಡಿಲಬಿಡಬೇಕು, ಆಮೇಲೆ ಉಸಿರು ಹಿಡಿಯಬೇಕು. ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ, ಆಮೆಯಂಥ ಸಾವಧಾನದ ಮನುಷ್ಯ, ಪಕ್ಕದಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದ.

"ಮೂವತ್ತು ಸೆಕೆಂಡು," ಎನ್ನುತ್ತಿದ್ದ.

"ರೀ, ಆ ಲಾರಿಯವನ ಸೀಟಿಗೆ ಸ್ಪಂಜು ತರೋಕೆ ಹೇಳಿದ್ರಾ?" ಎಂದು ಇವಳು ಎದ್ದು ಕೂರುತ್ತಿದ್ದಳು.

ದೇಹ ಮಲಗಿದರೂ ಮನಸ್ಸು ಅಂಗಡಿಯ ತುಂಬ ಓಡುತ್ತಿತ್ತು. ಅಂಕಿ ಎಣಿಸಿ ನೋಡಿದಳು, ಎಣಿಕೆಯೂ ಓಟಕ್ಕೇ ಬಿತ್ತು. ಕೊನೆಗೆ ದಾರಿ ಸಿಕ್ಕಿದ್ದು ಕಸುಬಿನಲ್ಲೇ. ಹಳೆಯ ಕವರಿನ ಅಚ್ಚು ತೆಗೆಯಲು ಅದರ ಹೊಲಿಗೆ ಬಿಚ್ಚುವಾಗ ಮಾತ್ರ ಅವಳು ಅವಸರ ಮಾಡುತ್ತಿರಲಿಲ್ಲ. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ. ಹಾಗಾಗಿ ಉಸಿರು ಹಿಡಿದೊಡನೆ ಮನಸ್ಸಿನಲ್ಲೇ ಉದ್ದನೆಯ ಸೀಟೊಂದರ ಹೊಲಿಗೆ ಬಿಚ್ಚತೊಡಗಿದಳು, ಒಂದೊಂದೇ ಟಾಕು. ಆ ದಿನ ಗಂಡ ಗಡಿಯಾರವನ್ನು ಕಿವಿಗಿಟ್ಟು ನೋಡಿದ. ನಿಂತುಹೋಗಿದೆಯೇನೋ ಎಂಬ ಅನುಮಾನ. ಎರಡು ನಿಮಿಷ ದಾಟಿತ್ತು.

ಸಾಮಾನಿನ ವಿಷಯದಲ್ಲಿ ಅಣ್ಣನಿಗೇ ಅವಳು ಪಾಠ ಹೇಳಿದಳು. ಅಂಗಡಿಯ ಚೂರುಪಾರು ಬಟ್ಟೆಯಲ್ಲಿ ಕಂದು, ಪಾಚಿಹಸಿರು ತುಂಡುಗಳನ್ನು ಆರಿಸಿ ಸೂಟಿಗೆ ಮೇಲಂಗಿ ಹೊಲಿದಳು. ಬಂಡೆಗೆ ಒರಗಿದರೆ ಬಂಡೆಯೇ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟಿನ ಫಳಫಳ ಹೊಳೆಯುವ ಬಕಲಿಗೆ ಕಪ್ಪು ರೆಕ್ಸಿನ್ ಹೊದಿಸಿದಳು, ಒಂದೇ ಕೈಯಲ್ಲಿ ಕಳಚಲು ಅಡ್ಡಿಯಾಗದ ಹಾಗೆ. ಈಟಿ ಹಾರಿಸುವ ಬಂದೂಕಿನ ರಬ್ಬರು ಎಳೆಯುವಾಗ ಹಿಡಿಕೆ ಎದೆಗೆ ಒತ್ತುತ್ತದೆಂದು ಅಲ್ಲೊಂದು ಸ್ಪಂಜಿನ ದಿಂಬು ಕೂರಿಸಿದಳು. "ಇಪ್ಪತ್ತು ವರ್ಷ ನನ್ನೆದೆ ಕಪ್ಪಗಾಯ್ತಲ್ಲೇ, ಆಗ ಯಾಕೆ ಹೊಲಿದುಕೊಡ್ಲಿಲ್ಲ?" ಎಂದ ಅಣ್ಣ. "ನೀನು ಕೇಳಿದ್ಯಾ?" ಎಂದಳು.

ಅಣ್ಣನ ಕಟ್ಟಳೆಗಳು ಮೂರೇ. ಬಂದೂಕಿಗೆ ರಬ್ಬರು ಏರಿಸುವುದು ನೀರಿಗಿಳಿದ ಮೇಲೆ. ಮುಳುಗುವ ಮುಂಚೆ ದಬದಬನೆ ಉಸಿರಾಡಕೂಡದು, ಅದು ನೀರೊಳಗೆ ಎಚ್ಚರ ತಪ್ಪಿಸಿ ಕೊಲ್ಲುತ್ತದೆ. ಮೂರನೆಯದನ್ನು ಅವನು ದಿನಾ ಹೇಳಿಸುತ್ತಿದ್ದ: ಉಸಿರಿಗಾಗಿ ಹೊಟ್ಟೆ ಒಂದು ಸಲ ಎಳೆಯಿತೋ, ಮೇಲೆ ಬರಬೇಕು, ಕಣ್ಣೆದುರು ತಿಮಿಂಗಿಲವೇ ನಿಂತಿರಲಿ.

ನೀರಿಗಿಳಿದ ಮೇಲೆ ಆರು ವಾರ ಒಂದು ಮೀನೂ ಬೀಳಲಿಲ್ಲ. ಈಟಿಯ ಹಗ್ಗದ ಮೇಲ್ತುದಿಗೆ ಕಟ್ಟಿದ, ಕೆಂಪು ಬಾವುಟದ ತೇಲುಬುರುಡೆಯ ಪಕ್ಕ ಈಜುತ್ತಾ ಮೇಲಿನಿಂದ ನೋಡುತ್ತಿದ್ದ ಅಣ್ಣ ಬೈಯುತ್ತಿದ್ದ. "ಪೊಲೀಸರ ಥರ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯಲ್ಲ, ಯಾವ ಮೀನು ನಿಲ್ಲುತ್ತೆ? ಬೇರೆ ಕಡೆ ನೋಡು. ನಿನಗೆ ಅದು ಬೇಡವೇ ಬೇಡ ಅನ್ನೋ ಹಾಗಿರು." ಬೀದಿಯವರು ಖಾಲಿ ಚೀಲ ನೋಡಿ, "ಬಿರುಗಾಳಿಗೆ ಹೆದರಿ ಮೀನೆಲ್ಲ ಊರು ಬಿಟ್ಟವು," ಎಂದು ಆಡಿಕೊಂಡರು. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಇಳಿದಳು.

ಆ ಬೆಳಿಗ್ಗೆ ನೀರು ತಿಳಿಯಾಗಿತ್ತು. ನಾಲ್ಕಾಳು ಆಳದಲ್ಲಿ ಬಂಡೆಯ ನೆರಳಿಗೆ ಸೇರಿ ಅವಳು ಹೊಲಿಗೆ ಬಿಚ್ಚತೊಡಗಿದ್ದಳು. ಎದುರಿನ ಸಣ್ಣ ಮೀನುಗಳ ಹಿಂಡು ಫಕ್ಕನೆ ಚೆದುರಿತು. ಅದರ ಹಿಂದಿನಿಂದ 'ಯಜಮಾನರು' ಬಂದರು. ಒಂಟಿಯಾಗಿ ಬಂಡೆಯಂಚಿನಲ್ಲಿ ಗಸ್ತು ತಿರುಗುವ, ಬೆಳ್ಳಿ ಮೈಯ ಆ ದೊಡ್ಡ ಮೀನಿಗೆ ಅಣ್ಣ ಇಟ್ಟ ಹೆಸರದು. ಗಾಂಭೀರ್ಯದಿಂದ ಬಂದು ಈಟಿಗೆ ಒಂದೇ ಮಾರು ದೂರದಲ್ಲಿ ನಿಂತರು. ಅವಳ ಹೊಟ್ಟೆ ಎಳೆಯಿತು.

ಇನ್ನೊಂದು ಗಳಿಗೆ ಇದ್ದಿದ್ದರೆ! ಆದರೆ ಅವಳು ಕಲ್ಲಿಗೆ ಕೈಯೂರಿ ಮೇಲೆದ್ದಳು. ಮಾಸ್ಕ್ ಕಿತ್ತು, ಸಿಟ್ಟಿನಿಂದ ಅಳುತ್ತಾ, "ಸಿಕ್ಕೇಬಿಟ್ಟಿತ್ತು ಅಣ್ಣಾ! ಬಿಟ್ಟು ಬಂದೆ!" ಎಂದಳು.

ಅಣ್ಣ ಅವಳ ಭುಜ ಹಿಡಿದ. "ಮೊದಲು ಉಸಿರಾಡು. ಈಗ ಕೇಳು. ನನ್ನ ಕಿವಿ ಹೇಗೆ ಹೋಯ್ತು ಅಂತ ಯಾರಿಗೂ ಹೇಳಿಲ್ಲ. ಮೂಗು ಕಟ್ಟಿತ್ತು. ಕಿವಿ ಸಿಡೀತಾ ಇದ್ರೂ ಇಂಥದ್ದೇ ಒಂದರ ಹಿಂದೆ ಇಳಿದೆ. ಬಿಡೋಕೆ ನನ್ನಿಂದ ಆಗ್ಲಿಲ್ಲ. ನೀನು ಬಿಟ್ಟು ಬಂದೆಯಲ್ಲೇ!"

ಐದು ನಿಮಿಷ ಸುಧಾರಿಸಿಕೊಂಡು ಅವಳು ಮತ್ತೆ ಮುಳುಗಿದಳು. ಈ ಸಲ ಎದೆಬಡಿತವೂ ಸದ್ದು ಮಾಡಲಿಲ್ಲ. ಬೆರಳ ತುದಿಯಿಂದ ಒಂದು ಚಿಟಿಕೆ ಮರಳು ಚಿಮ್ಮಿಸಿ, ತಲೆ ತಗ್ಗಿಸಿಕೊಂಡಳು. ಏನದು ಎಂದು ವಿಚಾರಿಸಲು ಯಜಮಾನರು ತಿರುಗಿ ಬಂದರು. ಇನ್ನೂ ಹತ್ತಿರ. ಅವಳು ಇನ್ನೊಂದು ಟಾಕು ಬಿಚ್ಚಿದಳು. ಬೆಳ್ಳಿ ಮೈ ಅಡ್ಡಲಾಗಿ ತಿರುಗಿತು. ಆಗ ಬಂದೂಕಿನ ಕುದುರೆ ಒತ್ತಿದಳು.

ಈಟಿ ಕಿವಿರಿನ ಹಿಂದೆಯೇ ನಾಟಿತು. ಹಗ್ಗ ಸರ್ರನೆ ಓಡಿತು, ಮೇಲೆ ಬುರುಡೆ ಕುಣಿಯಿತು. ಬಂದೂಕನ್ನು ಬಿಟ್ಟು, ಕಲಿತ ಹಾಗೆ ಮೊದಲು ಮೇಲೆ ಬಂದಳು, ಉಸಿರು ತೆಗೆದುಕೊಂಡಳು, ಆಮೇಲೆ ಹಗ್ಗಕ್ಕೆ ಕೈ ಹಾಕಿದಳು. ಅಣ್ಣ ನೀರಿನಲ್ಲೇ ಎಗರಾಡುತ್ತಾ ಕೂಗುತ್ತಿದ್ದ ಕೂಗು ದಂಡೆಯವರೆಗೆ ಕೇಳಿತಂತೆ.

ತೂಕ ಹದಿನಾಲ್ಕು ಕಿಲೋ. ದಂಡೆಯಲ್ಲಿ ಕಾದಿದ್ದ ಗಂಡ, ಆ ಸಾವಧಾನದ ಮನುಷ್ಯ, ಚಪ್ಪಲಿ ಸಮೇತ ನೀರಿಗಿಳಿದು ಮೀನಿನ ಬಾಲ ಹಿಡಿದುಕೊಂಡ. ಬೀದಿಯ ನಡುವೆ ಇಬ್ಬರೂ ಅದನ್ನು ಹೊತ್ತು ನಡೆದಾಗ ಆಡಿಕೊಂಡವರೆಲ್ಲ ಬಾಗಿಲಿಗೆ ಬಂದರು. ಸೀಟು ಇನ್ನೂ ಆಗಿಲ್ಲವೆಂದು ಬೈಯಲು ಬಂದಿದ್ದ ಲಾರಿಯವನು, ಎರಡು ದಪ್ಪ ತುಂಡು ಕೈಗೆ ಬಂದ ಮೇಲೆ, "ನಿಧಾನವಾಗೇ ಆಗ್ಲಿ ಅಕ್ಕ," ಎಂದು ಹೊರಟುಹೋದ.

ಮರುವರ್ಷ ಬೀದಿಯ ಮೂವರು ಹೆಂಗಸರು ನಡುಮನೆಯ ನೆಲದ ಮೇಲೆ ಸಾಲಾಗಿ ಉಸಿರು ಹಿಡಿದು ಮಲಗಿದ್ದರು. ಗಂಡ ಗಡಿಯಾರ ಹಿಡಿದಿದ್ದ. ಬಾಗಿಲಲ್ಲಿ ನಿಂತ ಅಣ್ಣ ಒಬ್ಬಳ ಕಾಲ್ಬೆರಳು ಅಲ್ಲಾಡಿದ್ದನ್ನು ಕಂಡು, "ಮತ್ತೆ ಮೊದಲಿಂದ!" ಎಂದು ಗದರಿದ.