ಇಮಾನದ ಪದ

ಹಾರುವ ವಿಮಾನವನ್ನು ನಾನು ಕಣ್ಣಾರೆ ಕಂಡದ್ದು ಮೊಮ್ಮಕ್ಕಳಾದ ಮೇಲೆ. ಅದರ ಮೇಲಿನ ಹಾಡು ಮಾತ್ರ ಅದಕ್ಕೂ ಎಷ್ಟೋ ಮೊದಲೇ, ನಮ್ಮ ಮನೆಯ ರಾಗಿಕಲ್ಲಿನ ಮುಂದೆ ಹುಟ್ಟಿತು. ಕಟ್ಟಿದವಳು ನನ್ನ ಚಿಕ್ಕಮ್ಮ. ಅವಳು ಕಟ್ಟುವಂತೆ ಮಾಡಿದ ಪಾಪ ನನ್ನದು.

ಚಿಕ್ಕಪ್ಪ ಅಜ್ಜಂಪುರದ ದನದ ಕಾವಲಿನಲ್ಲಿ ಹೋರಿ ಪಳಗಿಸುತ್ತಿದ್ದವನು. ದೊಡ್ಡ ಯುದ್ಧ ಶುರುವಾದಾಗ, ದಂಡಿನ ಕುದುರೆ ನೋಡಿಕೊಳ್ಳಲು ಆಳು ಬೇಕೆಂದು ಅವನನ್ನು ಸಮುದ್ರದಾಚೆಗೆ ಕರೆದೊಯ್ದರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಆರು ತಿಂಗಳ ಮೇಲೆ ಒಂದು ಕಾಗದ ಬಂತು, ಯಾರ ಕೈಲೋ ಬರೆಸಿದ್ದು. ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೇ. ಮೂರನೇ ಕ್ಲಾಸಿನವರೆಗೆ ಓದಿದ ಮಹಾ ಪಂಡಿತೆ ನಾನು.

ಜಗಲಿಯ ಮೇಲೆ ಕೂತು ಓದಿದೆ. ಇಲ್ಲಿ ಬರೀ ಮರಳು, ನೀರಿಗೆ ಬಹಳ ಕಷ್ಟ. ಆಕಾಶದಲ್ಲಿ ರೆಕ್ಕೆಯ ಗಾಡಿ ಓಡಾಡುತ್ತದೆ, ನಮ್ಮ ರಾಗಿಕಲ್ಲಿನ ಹಾಗೆ ಗುರುಗುಟ್ಟುತ್ತದೆ, ವಿಮಾನ ಅನ್ನುತ್ತಾರೆ. ಮುಂದಿನ ಸಾಲಿಗೆ ನನ್ನ ನಾಲಿಗೆ ನಿಂತಿತು. ಅದರಿಂದ ಬೆಂಕಿಯ ಉಂಡೆ ಬೀಳುತ್ತದೆ, ಸದ್ದು ಕೇಳಿದ ಕೂಡಲೆ ತೋಡಿಟ್ಟ ಗುಂಡಿಯೊಳಗೆ ಹಾರಬೇಕು, ನಿನ್ನೆ ನಮ್ಮವರಿಬ್ಬರು ಹೋದರು ಎಂದಿತ್ತು. ಚಿಕ್ಕಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳು ಅಳುವುದನ್ನು ನೋಡಲಾರೆ ಅನ್ನಿಸಿತು. ಆ ಸಾಲನ್ನು ನುಂಗಿ, ನಾನು ಕ್ಷೇಮ ಎಂಬಲ್ಲಿಗೆ ನೆಗೆದೆ.

"ಅದ್ರಾಗೆ ಮನುಷ್ರು ಕೂತ್ಕತಾರಂತಾ ಮಗಾ?"

"ಹೂಂ ಚಿಕ್ಕಮ್ಮ."

"ಹಂಗಾದ್ರೆ ಬರೋವಾಗ ಅದ್ರಾಗೇ ಬತ್ತಾರೆ ಬಿಡು."

ಮರುದಿನ ಬೆಳಗಿನ ಜಾವ ಇಬ್ಬರೂ ಎದುರುಬದುರು ಕೂತು ರಾಗಿಕಲ್ಲಿನ ಗೂಟ ಹಿಡಿದಾಗ ಅವಳ ಬಾಯಿಂದ ಹೊಸ ಪದ ಬಂತು:

ಗುಡ್ಡವ ದಾಟ್ಕೊಂಡು ಗುರುಗುಟ್ಟಿ ಬಾರಣ್ಣ
ದೊಡ್ಡ ರೆಕ್ಕೆಯ ಇಮಾನ, ನನ ದೊರೆಯ
ದೊಡ್ಡಿಯ ಮುಂದೆ ಇಳಿಸಯ್ಯ

ದನದ ದೊಡ್ಡಿಯ ಮುಂದೆಯೇ ಯಾಕೆ ಎಂದು ಕೇಳಿದೆ. "ನಿಮ್ಮ ಚಿಕ್ಕಪ್ಪ ಮೊದ್ಲು ಎತ್ತಿನ ಮೈ ಸವರ್ದೆ ಒಳಕ್ಕೆ ಬತ್ತಾರಾ?" ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಮತ್ತೆ ನಾನು ಕಾಣಲಿಲ್ಲ.

ಹಿರೇನಲ್ಲೂರಿಗೆ, ಪಂಚನಹಳ್ಳಿಗೆ ಕೊಟ್ಟ ಹೆಣ್ಣುಮಕ್ಕಳು ಆ ಪದವನ್ನು ಕೊಂಡೊಯ್ದರು. ಬಳೆ ತರುವ ಇಮಾನ, ತವರಿಗೆ ಬಿಟ್ಟುಬರುವ ಇಮಾನ ಎಂದು ಅವರವರ ಸಾಲುಗಳು ಸೇರಿಕೊಂಡವು. ವರ್ಷದೊಳಗೆ ಇಮಾನದ ಪದವಿಲ್ಲದೆ ಮದುವೆಯ ಸೋಬಾನೆ ಮುಗಿಯುತ್ತಿರಲಿಲ್ಲ.

ಕೊನೆಗೆ ಬಂದವನು ಚಿಕ್ಕಪ್ಪನಲ್ಲ, ಅವನ ಜೊತೆಗಿದ್ದ ತರೀಕೆರೆ ಕಡೆಯವನೊಬ್ಬ. ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಹೇಳಿದ. ವಿಮಾನ ಬಂದಾಗ ಎಲ್ಲರೂ ಗುಂಡಿಗೆ ಹಾರಿದರಂತೆ. ಚಿಕ್ಕಪ್ಪ ಮಾತ್ರ ಕುದುರೆಗಳ ಹಗ್ಗ ಬಿಚ್ಚುತ್ತಾ ನಿಂತನಂತೆ. ಚಿಕ್ಕಮ್ಮ ಅಳಲಿಲ್ಲ, ನನ್ನ ಕಡೆ ತಿರುಗಿದಳು.

"ಕಾಗ್ದದಾಗೆ ಇದು ಇರ್ಲಿಲ್ವಾ ಮಗಾ?"

"ಇರ್ಲಿಲ್ಲ ಚಿಕ್ಕಮ್ಮ."

ಬಳೆ ಒಡೆದ ಮೇಲೆ ಮುತ್ತೈದೆಯರ ಹಾಡಿಗೆ ಅವಳು ದನಿಗೂಡಿಸುವಂತಿರಲಿಲ್ಲ. ಬೀಸುವಾಗ ಹಾಡಬಾರದೆಂದು ಯಾರೂ ಹೇಳಿರಲಿಲ್ಲ, ಅವಳೇ ಹಾಡಲಿಲ್ಲ. ಕಲ್ಲು ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು, ನಾನು ಎದುರಿಗೆ ಕೂತು ಗೂಟ ತಿರುಗಿಸುತ್ತಿದ್ದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಹೇಳಲಿಲ್ಲ. ಹೇಡಿ ನಾನು.

ನನ್ನ ಮದುವೆ ಲಿಂಗದಹಳ್ಳಿಯ ಕಡೆಗೆ ಗೊತ್ತಾಯಿತು. ನಮ್ಮ ಅಂಗಳದ ಚಪ್ಪರದಲ್ಲಿ ನನಗೆ ಅರಿಶಿನ ಹಚ್ಚುತ್ತಾ ಗಂಡಿನ ಕಡೆಯ ಹೆಂಗಸರು ಇಮಾನದ ಪದ ಎತ್ತಿದರು. ಅದು ಯಾರದೆಂದು ಅವರಿಗೇನು ಗೊತ್ತು? ಬೇಡ ಅನ್ನಬಹುದಿತ್ತು. ಅಂದಿದ್ದರೆ ಯಾಕೆಂದು ಕೇಳುತ್ತಿದ್ದರು. ಬಳೆ, ತವರು ಎಲ್ಲ ಮುಗಿಸಿ ಚಿಕ್ಕಮ್ಮ ಕಟ್ಟಿದ ಮೊದಲಿನ ಸಾಲುಗಳಿಗೆ ಬಂದವರು "ನನ ದೊರೆಯ" ಎಂಬಲ್ಲಿ ತಡವರಿಸಿ ನಿಂತುಬಿಟ್ಟರು. ಮುಂದಿನ ಸಾಲು ನನಗೆ ಗೊತ್ತಿತ್ತು. ನಮ್ಮಜ್ಜಿ ಒಳಗಿನ ಕೋಣೆಯ ಕಡೆ ಕೂಗಿದಳು:

"ಏ, ಮುಂದಕ್ಕೇನೇ ಅದು? ಕಟ್ಟಿದೋಳು ನೀನೇ ಅಲ್ವೇನೇ?"

ಒಳಗೆ ಅಕ್ಕಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಚಿಕ್ಕಮ್ಮ ಬಾಗಿಲಿಗೆ ಬರಲಿಲ್ಲ. ಹಾಡಲೂ ಇಲ್ಲ, ಬರೀ ಮಾತಿನಲ್ಲಿ ಹೇಳಿದಳು:

"ದೊಡ್ಡಿಯ ಮುಂದೆ ಇಳಿಸಯ್ಯ."

ಹೆಂಗಸರು ಖುಷಿಯಿಂದ ಅದನ್ನು ಎತ್ತಿಕೊಂಡು ಎರಡೆರಡು ಸಲ ಹಾಡಿದರು. ನಾನು ತಲೆ ತಗ್ಗಿಸಿದೆ.

"ಮದುಮಗ್ಳು ನಾಚ್ಕತಾಳೆ ನೋಡ್ರೇ" ಎಂದು ಯಾರೋ ನನ್ನ ಕೆನ್ನೆಗೆ ಇನ್ನಷ್ಟು ಅರಿಶಿನ ಬಳಿದರು.