ಮರಳಿ ಇಟ್ಟ ಸಬ್ಬಸಗಿ

ಹುಕ್ಕೇರಿ ಸಂತೆಯಲ್ಲಿ ಸಬ್ಬಸಗಿ ಸೊಪ್ಪಿನ ಕಟ್ಟೊಂದನ್ನು ಎತ್ತಿಕೊಂಡು ಮೂಸಿ ನೋಡುತ್ತಿದ್ದ ಹೆಂಗಸಿಗೆ ನಾನಾಗಿಯೇ ಹೇಳಿದೆ: “ಒಯ್ರಿ ಅಕ್ಕಾರ, ಎಳೀದೈತಿ. ಮನ್ಯಾಗ ಬಾಣಂತಿ ಇದ್ರ ಇದರಷ್ಟು ಛಲೋ ಪಲ್ಯೆ ಇಲ್ಲ.”

ಮಗಳ ಬಾಣಂತನ ಮಾಡುತ್ತಿದ್ದ ನನಗೆ ಆಗ ಸಿಕ್ಕವರಿಗೆಲ್ಲ ಇದನ್ನೇ ಹೇಳುವ ಹುಮ್ಮಸ್ಸು. ಸಬ್ಬಸಗಿ ತಿಂದರೆ ಎದೆಹಾಲು ಹೆಚ್ಚುತ್ತದೆ, ವಾಯು ಇಳಿಯುತ್ತದೆ, ರಕ್ತಕ್ಕೂ ಒಳ್ಳೆಯದು, ಆ ಹಾಲು ಕುಡಿದ ಕೂಸಿಗೆ ಹೊಟ್ಟೆನೋವು ಬರುವುದಿಲ್ಲ ಎಂದು ನನ್ನ ಅತ್ತೆ ಕಲಿಸಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಆಕೆ ಪೂರ್ತಿ ಕೇಳಿಸಿಕೊಂಡರು. “ಖರೆ ಐತ್ರಿ. ನಾನೂ ಮಗಳಿಗೆ ದಿನಾ ಇದನ್ನ ಮಾಡಿ ಹಾಕತಿದ್ನಿ. ರೂಢಿಗೆ ಕೈ ಹೋತು,” ಎನ್ನುತ್ತ ಕಟ್ಟನ್ನು ಮೆಲ್ಲಗೆ ಇದ್ದಲ್ಲಿಯೇ ಇಟ್ಟರು. “ಕೂಸು ಹೋತ್ರಿ. ಆಕಿಗೆ ಹಾಲು ಇನ್ನೂ ಬರಾಕತ್ತಾವು. ಅವು ನಿಲ್ಲಾಕ ಯಾವ ಪಲ್ಯೆ ತಿನ್ನಬೇಕ್ರಿ?”

ಪಲ್ಯೆ ಮಾರುವವಳು ತಲೆ ತಗ್ಗಿಸಿ ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಡಾಕ್ಟರಿಗೆ ತೋರಿಸಿ ಎಂದು ಹೇಳಬೇಕೆನ್ನುವುದು ನನಗೆ ಹೊಳೆಯುವಷ್ಟರಲ್ಲಿ ಆಕೆ ಖಾಲಿ ಚೀಲ ಮಡಚಿಕೊಂಡು ದಡ್ಡಿ ಊರಿನ ಬಸ್ಸಿನ ಕಡೆ ಹೊರಟುಹೋಗಿದ್ದರು.

ಅಂದು ಸಂಜೆ ಹೆಸರುಬೇಳೆ ಹಾಕಿ ಸಬ್ಬಸಗಿ ಪಲ್ಯೆ ಮಾಡಿದೆ. ಮಗಳು ಉಣ್ಣುತ್ತ, “ಯವ್ವಾ, ಹಾಲು ಭಾಳ ಆಗ್ಯಾವು, ಕುಪ್ಪಸ ಎಲ್ಲಾ ತೊಯ್ದೈತಿ ನೋಡು,” ಎಂದು ನಕ್ಕಳು. ನಾನು ಅವಳತ್ತ ತಿರುಗದೆ ರೊಟ್ಟಿ ಬಡಿಯುತ್ತಲೇ ಇದ್ದೆ.